ದೊಡ್ಡ ಹಣಕಾಸು ಕಂಪನಿಯ ಲೆಕ್ಕಪತ್ರ ನೀತಿ ಬರೆಯಲು ಯಾವ ಕಂಪನಿಯದನ್ನು ಮಾದರಿಯಾಗಿ ಇಟ್ಟುಕೊಳ್ಳಲಿ?

ನೀವು ಹೊಸ ಸಿಎ, ಎನ್‌ಬಿಎಫ್‌ಸಿಯಲ್ಲಿ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ) ಕೆಲಸ, ಮೇಜಿನ ಮೇಲೆ ಬರೆಯಬೇಕಾದ ನೀತಿ ಕೈಪಿಡಿ. ಕೆಲವು ವರ್ಷಗಳ ಹಿಂದಿನ ನಾನೇ ಈ ಪ್ರಶ್ನೆ ಕೇಳಿದಂತಿದೆ. ಆಗ ನಾನೂ ಮೂರು ದೊಡ್ಡ ಕಂಪನಿಗಳ ವಾರ್ಷಿಕ ವರದಿ ಹರವಿಕೊಂಡು, ಚೆಂದದ ವಾಕ್ಯಗಳನ್ನು ಹೆಕ್ಕಿ 80 ಪುಟ ಜೋಡಿಸಿದ್ದೆ. ನಿರ್ದೇಶಕ ಮಂಡಳಿ ಮರುಮಾತಿಲ್ಲದೆ ಒಪ್ಪಿತು.

ನಮ್ಮದು ವಾಹನ ಸಾಲದ ಕಂಪನಿ. ಎನ್‌ಪಿಎ (90 ದಿನ ಬಾಕಿ ನಿಂತು ಕೆಟ್ಟ ಸಾಲ) ಆದ ಖಾತೆ ಮತ್ತೆ ಸ್ಟ್ಯಾಂಡರ್ಡ್ (ಸರಿಯಾದ ಸಾಲ) ಆಗಬೇಕಾದರೆ ಅಸಲು, ಬಡ್ಡಿ ಎರಡರ ಬಾಕಿಯೂ ಪೂರ್ತಿ ತೀರಬೇಕು ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್ 12ರ ಸುತ್ತೋಲೆಯಲ್ಲಿ ಬಿಡಿಸಿ ಹೇಳಿತ್ತು. ಎನ್‌ಬಿಎಫ್‌ಸಿಗಳಿಗೆ 2022ರ ಸೆಪ್ಟೆಂಬರ್ 30ರವರೆಗೆ ಕಾಲಾವಕಾಶವನ್ನೂ ಕೊಟ್ಟಿತ್ತು. ನಾನು ಬರೆದದ್ದು ‘ಬಾಕಿ ಪಾವತಿಯಾದ ಮೇಲೆ’ ಎಂದಷ್ಟೇ. ‘ಪೂರ್ತಿ’ ಎಂಬ ಪದ ಬಿಟ್ಟುಹೋಗಿತ್ತು. ಲೆಕ್ಕ ಬಲ್ಲವರು ಓದಿದರೆ ಅರ್ಥವಾಗುತ್ತದೆ, ನಿಜ. ಆದರೆ ಖಾತೆಯನ್ನು ಮೇಲೆ ಕೆಳಗೆ ಮಾಡುವುದು ಸಾಫ್ಟ್‌ವೇರ್. ಅದರ ನಿಯಮ ಬರೆಯುವ ಹುಡುಗ ನನ್ನ ವಾಕ್ಯ ಓದಿ, ಬದಲಾಯಿಸುವಂಥದ್ದು ಏನೂ ಇಲ್ಲವೆಂದು ಹಳೆಯದನ್ನೇ ಉಳಿಸಿದ: ಬಾಕಿ 90 ದಿನಕ್ಕಿಂತ ಕೆಳಗಿಳಿದರೆ ಖಾತೆ ಮೇಲಕ್ಕೆ. ತಪ್ಪು ಅವನದಲ್ಲ.

ಒಂದು ಟೆಂಪೊ ಸಾಲ. ತಿಂಗಳ ಕಂತು 18,400 ರೂಪಾಯಿ, ನಾಲ್ಕು ಕಂತು ಬಾಕಿ. ಮಾಲೀಕ ಎರಡು ಕಟ್ಟಿದ. ಇನ್ನೂ 36,800 ಬಾಕಿ ಇದ್ದಂತೆಯೇ ಖಾತೆ ಮೂರನೇ ಹಂತದಿಂದ ಎರಡಕ್ಕೆ ಜಿಗಿದಿತ್ತು. (ನಮ್ಮಲ್ಲಿ ಎನ್‌ಪಿಎ ಎಂದರೆ ಇಂಡ್ ಎಎಸ್ 109 ಎಂಬ ಭಾರತೀಯ ಲೆಕ್ಕಪತ್ರ ಮಾನದಂಡದ ಮೂರನೇ ಹಂತ; ಹಂತ ಏರಿದಷ್ಟೂ ಸಾಲ ಕೆಟ್ಟದ್ದು.) ಹಂತ ಬದಲಾದರೆ ನಷ್ಟಕ್ಕೆಂದು ತೆಗೆದಿಡುವ ಮೊತ್ತ ಇಳಿಯುತ್ತದೆ. ಅದನ್ನು ಕಳೆದ ನಿವ್ವಳದ ಮೇಲೆ ಹಾಕುತ್ತಿದ್ದ ಬಡ್ಡಿ ಆದಾಯ ಮತ್ತೆ ಇಡೀ ಸಾಲದ ಮೇಲೆ ಬೀಳುತ್ತದೆ. ಲಾಭ ಎರಡು ಕಡೆಯಿಂದ ಉಬ್ಬುತ್ತದೆ.

ಮಾರ್ಚ್ ಮುಕ್ತಾಯದ ಲೆಕ್ಕ ನೋಡಲು ಬಂದ ಆಡಿಟರ್ ಮೇಡಂ ಆ ಖಾತೆಯ ಪ್ರಿಂಟ್ ತೆಗೆಸಿ, 36,800ರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ‘ಇದು ಬಂತೇ ಸಾರ್?’ ಎಂದರು. ಅಂಥವು 612 ಸಿಕ್ಕವು. ಫಲಿತಾಂಶದ ಸಭೆ ಮುಂದಕ್ಕೆ ಹೋಯಿತು, ಆ ವರ್ಷ ನನ್ನ ಸಂಬಳ ಇದ್ದಲ್ಲೇ ಇತ್ತು.

ಆದ್ದರಿಂದ ಮಾದರಿ ಹುಡುಕುವುದನ್ನೇ ಬಿಡಿ. ವಾರ್ಷಿಕ ವರದಿಯ ಟಿಪ್ಪಣಿ ಷೇರುದಾರರಿಗಾಗಿ ಇಳಿಸಿದ ಸಾರಾಂಶ, ಅದನ್ನು ನೋಡಿ ಯಾರೂ ಲೆಕ್ಕ ಬರೆಯಲಾರರು. ವಸೂಲಿ ವಿಭಾಗದಿಂದ ಹದಗೆಟ್ಟ ಹತ್ತು ಖಾತೆ ತರಿಸಿಕೊಂಡು, ಪ್ರತಿ ನಿಯಮದ ಕೆಳಗೆ ತಾರೀಖು, ಮೊತ್ತ ಸಮೇತ ಒಂದು ಲೆಕ್ಕ ಬರೆಯಿರಿ. ರಿಸರ್ವ್ ಬ್ಯಾಂಕೇ ಆ ಸುತ್ತೋಲೆಯಲ್ಲಿ ಹಾಗೆ ಮಾಡಿದೆ: ಮಾರ್ಚ್ 31ರ ಕಂತು ಬಾರದೆ ಹೋದರೆ ಏಪ್ರಿಲ್ 30ಕ್ಕೆ ಎಸ್‌ಎಂಎ-1 (ಎಸ್‌ಎಂಎ ಎಂದರೆ ಎನ್‌ಪಿಎ ಆಗುವ ಮುಂಚಿನ ಎಚ್ಚರಿಕೆಯ ಹಂತ), ಮೇ 30ಕ್ಕೆ ಎಸ್‌ಎಂಎ-2, ಜೂನ್ 29ಕ್ಕೆ ಎನ್‌ಪಿಎ. ಜೂನ್ 30 ಅಲ್ಲ. ಸಾಲದ ಸಂಸ್ಕರಣಾ ಶುಲ್ಕ, ಗುತ್ತಿಗೆ ಇತ್ಯಾದಿಗಳ ನೀತಿಯನ್ನು ಲೆಕ್ಕಪತ್ರ ಮಾನದಂಡ ಓದಿಯೇ ಬರೆಯಬಹುದು, ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ನನ್ನ ಈಗಿನ ಕೈಪಿಡಿ 34 ಪುಟ. ಹೆಸರು, ಗಾಡಿ ನಂಬರ್ ಅಳಿಸಿದ ಆ ಟೆಂಪೊ ಖಾತೆ ಒಂಬತ್ತನೇ ಪುಟದಲ್ಲಿದೆ, ಪೆನ್ಸಿಲ್ ಗೆರೆಯ ಸಮೇತ.