ಓದುಗರ ಪ್ರಶ್ನೆ: ಎರಡು ಸರೋವರಗಳ ನಡುವಿನ ಮ್ಯಾಡಿಸನ್

ಪ್ರಶ್ನೆ: ಮಗಳು ಅಮೆರಿಕದ ವಿಸ್ಕಾನ್ಸಿನ್ ರಾಜಧಾನಿ ಮ್ಯಾಡಿಸನ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿನ ಈಸ್ಟ್ ವಾಷಿಂಗ್ಟನ್ ರಸ್ತೆ ಪೂರ್ವಕ್ಕೆ ಹೋಗುವುದೇ ಇಲ್ಲವಂತೆ, ಏಕೆ?

ಉತ್ತರ: ಅಲ್ಲಿ ನೆಲವೇ ಓರೆ. ವಾಯವ್ಯಕ್ಕೆ ಮೆಂಡೋಟಾ ಸರೋವರ, ಆಗ್ನೇಯಕ್ಕೆ ಮೊನೋನಾ ಸರೋವರ, ನಡುವೆ ಒಂದು ಮೈಲಿಗೂ ಕಿರಿದಾದ ಭೂಸಂಧಿ. ಹಿಮಯುಗದ ಹಿಮನದಿ ಬಿಟ್ಟುಹೋದ ಈ ಪಟ್ಟಿ ನೈರುತ್ಯದಿಂದ ಈಶಾನ್ಯಕ್ಕೆ ಚಾಚಿದೆ, ಬೀದಿಗಳೂ ಅದರ ಜಾಡಿನಲ್ಲೇ ಇವೆ. ಹಾಗಾಗಿ ‘ಈಸ್ಟ್’ ಎಂದರೆ ಈಶಾನ್ಯ. ಕ್ಯಾಪಿಟಲ್ (ರಾಜ್ಯದ ಶಾಸನಸಭೆ) ಕಟ್ಟಡದ ನಾಲ್ಕು ರೆಕ್ಕೆಗಳು ಮಾತ್ರ ನಿಜವಾದ ದಿಕ್ಕಿಗೆ ಮುಖ ಮಾಡಿವೆ. ವಿಶ್ವವಿದ್ಯಾಲಯಕ್ಕೆ ಹೋಗುವ ಸ್ಟೇಟ್ ಸ್ಟ್ರೀಟ್ ಹೊರಡುವುದು ಪಶ್ಚಿಮದ ರೆಕ್ಕೆಯ ಎದುರಿನಿಂದ. ಈ ಗುರುತು ಇಟ್ಟುಕೊಂಡರೆ ದಾರಿ ತಪ್ಪುವುದಿಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಸರೋವರದ ಮೇಲೆ ನಡೆಯುತ್ತಾರಂತೆ. ಯಾವಾಗ ಸುರಕ್ಷಿತ?

ಉತ್ತರ: ಪೂರ್ತಿ ಸುರಕ್ಷಿತ ಎಂಬುದು ಯಾವಾಗಲೂ ಇಲ್ಲ. ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೇಲಿನ ನೀರು ತಣ್ಣಗಾಗಿ ಮುಳುಗುತ್ತಾ ಇಡೀ ಸರೋವರ ಆ ಮಟ್ಟಕ್ಕೆ ಇಳಿದ ಮೇಲಷ್ಟೇ ಮೇಲ್ಪದರ ಇನ್ನೂ ತಣ್ಣಗಾಗಿ ಹೆಪ್ಪುಗಟ್ಟಲು ಸಾಧ್ಯ. ಅದಕ್ಕೂ ಗಾಳಿಯಿಲ್ಲದ ಕೊರೆಯುವ ರಾತ್ರಿ ಬೇಕು. ಮೆಂಡೋಟಾ ಸುಮಾರು 39 ಚದರ ಕಿ.ಮೀ. ವಿಸ್ತಾರ, 25 ಮೀಟರ್ ಆಳ. ಆದ್ದರಿಂದ ಚಿಕ್ಕದಾದ ಮೊನೋನಾ ಸಾಮಾನ್ಯವಾಗಿ ಮೊದಲು ಗಟ್ಟಿಯಾಗುತ್ತದೆ. ಅದರ ಮೇಲೆ ಜನ ಓಡಾಡುತ್ತಿದ್ದಾರೆಂದು ಮೆಂಡೋಟಾಕ್ಕೆ ಕಾಲಿಡಬಾರದು. 1850ರ ದಶಕದಿಂದ ಬರೆದಿಟ್ಟ ದಾಖಲೆ ನೋಡಿದರೆ, ಮಂಜುಗಡ್ಡೆ ಇರುವ ಅವಧಿ ಸುಮಾರು ಒಂದು ತಿಂಗಳು ಕಡಿಮೆಯಾಗಿದೆ. ‘ಹೋದ ವರ್ಷ ಈ ಹೊತ್ತಿಗೆ ನಡೆದಿದ್ದೆವು’ ಎಂಬ ಲೆಕ್ಕ ನಂಬುವಂಥದ್ದಲ್ಲ.

ನಡೆಯಲು ಕನಿಷ್ಠ 4 ಅಂಗುಲ ದಪ್ಪದ ಸ್ವಚ್ಛ ಮಂಜುಗಡ್ಡೆ ಬೇಕು. ಅದು ಗಾಜಿನಂತೆ, ಕೆಳಗಿನ ಕಪ್ಪು ನೀರು ಕಾಣುವಂತೆ ಇರುತ್ತದೆ. ಹಿಮ ನೆನೆದು ಗಟ್ಟಿಯಾದ ಬಿಳಿ ಮಂಜುಗಡ್ಡೆಗೆ ಅರ್ಧ ಬಲ; ಅದಕ್ಕೆ ಎರಡು ಪಟ್ಟು ದಪ್ಪ ಬೇಕು. ದಡದಲ್ಲಿ ಒಮ್ಮೆ ಅಳೆದರೆ ಸಾಲದು, ಮುಂದೆ ಹೋಗುತ್ತಾ ಮತ್ತೆ ಮತ್ತೆ ಕೊರೆದು ಅಳೆಯಬೇಕು. ಈ ಸರೋವರಗಳನ್ನು ಜೋಡಿಸುವ ಯಹಾರಾ ನದಿಯ ಬಾಯಿ, ಟೆನ್ನಿ ಪಾರ್ಕ್‌ನ ತೂಬು, ನೀರು ಹೆಪ್ಪುಗಟ್ಟದಂತೆ ಗಾಳಿಗುಳ್ಳೆ ಬಿಡುವ ದೋಣಿಕಟ್ಟೆಗಳ ಸುತ್ತ ಮಂಜುಗಡ್ಡೆ ತೆಳ್ಳಗಿರುತ್ತದೆ. ಕುಸಿದು ಬಿದ್ದರೆ ಬಂದ ದಿಕ್ಕಿಗೇ ತಿರುಗಿ, ಕಾಲು ಬಡಿಯುತ್ತಾ ಎದೆ ಮೇಲೆತ್ತಿ, ಹೊರಳಿಕೊಂಡೇ ದೂರ ಸರಿಯಬೇಕು. ತಕ್ಷಣ ಎದ್ದು ನಿಂತರೆ ಮತ್ತೆ ಕುಸಿಯುತ್ತದೆ.

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಮಳೆ ನಿಂತ ಮೇಲೂ ಬೀದಿಗಳಲ್ಲಿ ನೀರು ಏರಿತಲ್ಲ?

ಉತ್ತರ: ಆಗಸ್ಟ್ 20ರಂದು ಊರಿನ ಪಶ್ಚಿಮ ಬದಿಯ ಕೆಲವೆಡೆ ಮಳೆ 11 ಅಂಗುಲ ದಾಟಿತು. ಮೆಂಡೋಟಾ ಮೊನೋನಾಗಿಂತ ಸುಮಾರು 5 ಅಡಿ ಎತ್ತರದಲ್ಲಿದೆ, ನಡುವೆ ಟೆನ್ನಿ ಪಾರ್ಕ್‌ನ ಅಣೆಕಟ್ಟೆ. ಬಾಗಿಲು ತೆರೆದರೆ ಮೊನೋನಾ ಉಕ್ಕುತ್ತದೆ, ಮುಚ್ಚಿದರೆ ಕಟ್ಟೆಗೇ ಅಪಾಯ. ಅಲ್ಲಿಂದ ಮುಂದೆ ಯಹಾರಾ ಬಹುತೇಕ ಸಮತಟ್ಟು. ಜೊಂಡು ಬೆಳೆದರೆ ಹರಿವು ಇನ್ನೂ ನಿಧಾನ. ಅದಕ್ಕೇ ಯಂತ್ರದಿಂದ ಜೊಂಡು ಕತ್ತರಿಸುತ್ತಾರೆ. ಸರೋವರದ ಮಟ್ಟ ಏರಿದಾಗ ಮಳೆನೀರು ಚರಂಡಿಗಳಲ್ಲಿ ನೀರು ಹಿಮ್ಮುಖವಾಗಿ ಹರಿದು ಬೀದಿಗೆ ಬರುತ್ತದೆ. ಭೂಸಂಧಿಯ ಪೂರ್ವಭಾಗ ಹಿಂದೆ ಜೌಗು, ಮಣ್ಣು ತುಂಬಿ ಊರಾದದ್ದು. ಮಗಳು ಅಲ್ಲಿ ನೆಲಮಾಳಿಗೆ ಬಾಡಿಗೆಗೆ ಹಿಡಿಯುವುದಾದರೆ, ನೀರೆತ್ತುವ ಪಂಪ್ ಇದೆಯೇ, ಕರೆಂಟ್ ಹೋದರೂ ಅದು ಓಡುತ್ತದೆಯೇ ಎಂದು ಮೊದಲೇ ಕೇಳಲಿ.