ಕೆಳಗೆ ಮಳಿಗೆ, ಮೇಲೆ ಹಿರಿಯರಿಗೆ ಬಾಡಿಗೆ ಮನೆ: ತುಮಕೂರಿನಲ್ಲಿ ಸರ್ಕಾರದಿಂದ ಏನು ಸಿಗುತ್ತದೆ?

ನೀವು ಕೇಳಿದ್ದು ಇಷ್ಟು: ಬಟವಾಡಿ ಕಡೆ 60×40 ಸೈಟಿದೆ, ಕೆಳಗೆ ನಾಲ್ಕು ಮಳಿಗೆ, ಮೇಲಿನ ಎರಡು ಮಹಡಿಯಲ್ಲಿ ಅರವತ್ತು ದಾಟಿದವರಿಗೆ ಅಂತಲೇ ಆರು ಸಣ್ಣ ಮನೆ ಕಟ್ಟಿ ಬಾಡಿಗೆಗೆ ಬಿಡಬೇಕು, ಪಾಲಿಕೆಯಿಂದ ಸಹಾಯಧನ ಉಂಟಾ ಅಂತ.

ಕೈಗೆ ದುಡ್ಡು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ 'ಹಿರಿಯರ ಮನೆ ಅಂದರೆ ಸಬ್ಸಿಡಿ ಇದೆ, ಫೈಲು ನಾನು ಓಡಿಸ್ತೀನಿ' ಅನ್ನುವವರು ಸಿಕ್ಕೇ ಸಿಗುತ್ತಾರೆ. ಸರ್ಕಾರದ ಹಣ ಹೋಗುವುದು ನಿರ್ಗತಿಕ ಹಿರಿಯರ ಕಡೆಗೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಂ ಜಿಲ್ಲೆಗೊಂದು, 150 ಜನ ಹಿಡಿಯುವ ವೃದ್ಧಾಶ್ರಮದ ಮಾತಾಡುತ್ತದೆ, ಅದೂ ದಿಕ್ಕಿಲ್ಲದವರಿಗೆ. ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯ ಅನುದಾನ ಬೇಕಿದ್ದರೆ ನೋಂದಾಯಿತ ಸಂಸ್ಥೆ ಇರಬೇಕು, ಕನಿಷ್ಠ 25 ನಿರ್ಗತಿಕ ಹಿರಿಯರನ್ನು ಇಟ್ಟುಕೊಂಡಿರಬೇಕು. ಬಾಡಿಗೆ ಕೊಡುವ ನಿವೃತ್ತ ಮೇಷ್ಟ್ರು ಆ ಲೆಕ್ಕಕ್ಕೆ ಬರುವುದಿಲ್ಲ.

ಬಾಡಿಗೆ ಮನೆಗೇ ಅಂತ ಇರುವುದು ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ಕೈಗೆಟುಕುವ ಬಾಡಿಗೆ ವಸತಿ ಭಾಗ. ಅದರಲ್ಲಿ ಖಾಸಗಿಯವರು ಕಟ್ಟುವ ಮಾದರಿಯೂ ಇದೆ. ಆದರೆ ಅಲ್ಲಿನ ಅನುದಾನ, ಚದರ ಮೀಟರಿಗೆ ₹3,000ದ ಕೇಂದ್ರದ ಪಾಲು, ಹೊಸ ನಿರ್ಮಾಣ ತಂತ್ರಜ್ಞಾನ ಬಳಸುವವರಿಗೆ. ಮನೆ ಕಡಿಮೆ ಆದಾಯದವರಿಗೆ. 2020ರ ಬಾಡಿಗೆ ಸಂಕೀರ್ಣ ಯೋಜನೆಯಲ್ಲಿ ಕನಿಷ್ಠ 40 ಮನೆ ಬೇಕಿತ್ತು. ಆರು ಮನೆ ಹಿಡಿದುಕೊಂಡು ಆ ಬಾಗಿಲಿಗೆ ಹೋಗಬೇಡಿ.

ಟೂಡಾದಿಂದ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಸಿಎ ಸೈಟು ಸಿಗಬಹುದಲ್ಲ ಅಂತಲೂ ಕೇಳಿದ್ದೀರಿ. ನಾಗರಿಕ ಸೌಲಭ್ಯದ ನಿವೇಶನ ಗುತ್ತಿಗೆಗೆ ಸಿಗುವುದು ಟ್ರಸ್ಟು, ಸೊಸೈಟಿಗಳಿಗೆ, ಹಂಚಿಕೆ ಪತ್ರದಲ್ಲಿ ಬರೆದ ಉದ್ದೇಶಕ್ಕೆ ಮಾತ್ರ. ಅದರ ಮೇಲೆ ಬಾಡಿಗೆ ಮಳಿಗೆ ಎಬ್ಬಿಸಿದರೆ ಗುತ್ತಿಗೆಯೇ ರದ್ದಾಗಬಹುದು. ಟ್ರಸ್ಟು ಮಾಡಿ ಹಿಂಬಾಗಿಲಿನಿಂದ ಲಾಭ ತೆಗೆಯುವ ಯೋಚನೆಯಿದ್ದರೆ ಇಲ್ಲಿಗೇ ಬಿಡಿ.

ಹಾಗಾದರೆ ಸಿಗುವುದೇನು? ಸಣ್ಣಪುಟ್ಟ ರಿಯಾಯಿತಿಗಳು, ಅವೂ ಕಾಗದ ಸರಿಯಿದ್ದರೆ. ಕರೆಂಟಿನಿಂದ ಶುರುಮಾಡಿ. ಪ್ರತಿ ಮನೆಗೂ ಬೇರೆ ಮೀಟರ್ ಹಾಕಿಸಿ. ತಿಂಗಳಿಗೆ 200 ಯೂನಿಟ್ ಮಿತಿಯ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಆದರೆ ಅದು ಆರ್‌ಆರ್ ನಂಬರಿನ (ಮೀಟರಿಗೊಂದು ಕೊಡುವ ಸಂಪರ್ಕ ಸಂಖ್ಯೆ) ಲೆಕ್ಕ. ಆರು ಮನೆಗೆ ಒಂದೇ ಮೀಟರ್ ಹಾಕಿ ಸಬ್‌ಮೀಟರಿನಲ್ಲಿ ಹಂಚಿದರೆ ಆರು ಜನರ ಸೌಲಭ್ಯ ಒಂದಕ್ಕೆ ಇಳಿಯುತ್ತದೆ, 200 ಯೂನಿಟ್ ಎರಡೇ ವಾರಕ್ಕೆ ಮುಗಿಯುತ್ತದೆ. ಮಳಿಗೆಗಳದ್ದು ವಾಣಿಜ್ಯ ದರ. ಆ ವೈರು ಮನೆಯ ಮೀಟರಿಗೆ ಎಲ್ಲೂ ತಾಗದಂತೆ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ. ಮನೆಯ ಮೀಟರಿನಿಂದ ಅಂಗಡಿಯ ಫ್ರಿಜ್ ಓಡಿದ್ದು ಸಿಕ್ಕಿಬಿದ್ದರೆ ದಂಡ ನಿಮ್ಮ ತಲೆಗೆ. ಆಸ್ತಿ ತೆರಿಗೆಯೂ ಹೀಗೇ. ಸ್ವಯಂ ಘೋಷಣೆಯಲ್ಲಿ ಮನೆಯ ಚದರಡಿ, ಮಳಿಗೆಯ ಚದರಡಿ ಬೇರೆ ಬೇರೆ ಬರೆಯಿರಿ. ಒಳಗೆ ಇರುವವರಿಗೆ ವಯಸ್ಸಾಗಿದೆ ಅಂತ ತೆರಿಗೆ ಇಳಿಯುವುದಿಲ್ಲ. ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ, ಅಷ್ಟೇ.

ಜಿಎಸ್‌ಟಿಯಲ್ಲಿ ಜನ ಎಡವುವ ಜಾಗ ಒಂದಿದೆ. ವಾಸದ ಮನೆಯ ಬಾಡಿಗೆಗೆ ತೆರಿಗೆ ಇಲ್ಲ, ಮಳಿಗೆಯ ಬಾಡಿಗೆಗೆ 18%. ನೋಂದಣಿಯ ಗೆರೆ ವರ್ಷಕ್ಕೆ ₹20 ಲಕ್ಷ. ಆದರೆ ಆ ಗೆರೆ ದಾಟಿದಿರಾ ಅಂತ ನೋಡುವಾಗ ತೆರಿಗೆ ಇಲ್ಲದ ಮನೆ ಬಾಡಿಗೆಯನ್ನೂ ಕೂಡಿಸುತ್ತಾರೆ. ನಿಮ್ಮ ನಾಲ್ಕು ಮಳಿಗೆ ತಲಾ ₹15,000 ಅಂದರೆ ₹7.2 ಲಕ್ಷ, ಆರು ಮನೆ ತಲಾ ₹9,000 ಅಂದರೆ ₹6.48 ಲಕ್ಷ, ಒಟ್ಟು ₹13.68 ಲಕ್ಷ, ಸದ್ಯಕ್ಕೆ ಗೆರೆಯ ಒಳಗೇ ಇದ್ದೀರಿ. ಊಟ, ಆರೈಕೆ ಸೇರಿಸಿ ವೃದ್ಧಾಶ್ರಮದ ರೂಪ ಕೊಟ್ಟರೆ ಲೆಕ್ಕ ಬೇರೆ: ತಲೆಗೆ ತಿಂಗಳಿಗೆ ₹25,000ದವರೆಗಿನ ವಿನಾಯಿತಿ ಇರುವುದು ಸರ್ಕಾರ ಅಥವಾ ಆದಾಯ ತೆರಿಗೆಯಲ್ಲಿ ನೋಂದಾಯಿಸಿದ ಧರ್ಮಾರ್ಥ ಸಂಸ್ಥೆ ನಡೆಸುವ ಆಶ್ರಮಕ್ಕೆ. ಹಾಸಿಗೆ ಹಾಕಿ ಚಿಕಿತ್ಸೆ ಕೊಡಲು ಶುರುಮಾಡಿದರೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯೂ ಬೇಕು. ಬರೀ ಬಾಡಿಗೆ ಮನೆಯಾಗಿಯೇ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ.

ಕಾಗದದಲ್ಲಿ ಮೊದಲು ನೋಡಬೇಕಾದ್ದು ಪ್ಲಾನ್ ಅಲ್ಲ, ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಬದಲಿಸಿದ ಪರಿವರ್ತನೆ ಆದೇಶ. ಅದರಲ್ಲಿ 'ವಾಸದ ಉದ್ದೇಶ' ಅಂತ ಇದೆಯೋ, 'ವಾಣಿಜ್ಯ' ಅಂತ ಇದೆಯೋ? ಆಮೇಲೆ ಟೂಡಾದಲ್ಲಿ ಮಾಸ್ಟರ್ ಪ್ಲಾನಿನ ಪ್ರಕಾರ ನಿಮ್ಮ ಸರ್ವೆ ನಂಬರಿನ ವಲಯ ಯಾವುದು, ನಿಮ್ಮ ರಸ್ತೆಯ ಅಗಲಕ್ಕೆ ಎಷ್ಟು ಚದರಡಿ ಮಳಿಗೆ ಬಿಡುತ್ತಾರೆ ಅಂತ ಬರಹದಲ್ಲಿ ಪಡೆಯಿರಿ. ವಸತಿ ವಲಯದಲ್ಲಿ ನಾಲ್ಕು ಮಳಿಗೆಗೆ ಅವಕಾಶವಿಲ್ಲ ಅಂದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಅಡಿ ಭೂ ಉಪಯೋಗ ಬದಲಾವಣೆಗೆ ಹೋಗಬೇಕು: ಅರ್ಜಿ, ಪತ್ರಿಕಾ ಪ್ರಕಟಣೆ, ಆಕ್ಷೇಪಣೆ, ಶುಲ್ಕ. ತಿಂಗಳುಗಟ್ಟಲೆ ಹಿಡಿಯುತ್ತದೆ. ಇದನ್ನು ಬಿಟ್ಟು ವಾಸದ ಪ್ಲಾನ್ ಪಾಸು ಮಾಡಿಸಿ, ಪಾರ್ಕಿಂಗ್ ಅಂತ ತೋರಿಸಿದ ಜಾಗಕ್ಕೆ ಷಟರ್ ಹಾಕುವುದು ಊರಿನ ಚಾಳಿ. ಈಗ ಅದು ನಡೆಯುವುದು ಕಷ್ಟ. ಪ್ಲಾನಿನಂತೆ ಕಟ್ಟಿದೆ, ಬಳಸಬಹುದು ಅನ್ನುವ ಸ್ವಾಧೀನ ಪ್ರಮಾಣಪತ್ರ (ಒಸಿ) ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದ ಮೇಲೆ ಬೆಸ್ಕಾಂನವರು ಕೇಳುವ ಮೊದಲ ಕಾಗದವೇ ಅದು. ಬ್ಯಾಂಕಿನವರು ಸಾಲಕ್ಕೆ ಇ-ಖಾತಾ ಕೇಳುತ್ತಾರೆ. ಅಪ್ಪನ ಹೆಸರಿನಲ್ಲಿದ್ದರೆ ಈಗಲೇ ಸರಿಮಾಡಿಕೊಳ್ಳಿ.

ಇನ್ನು ಕಟ್ಟಡ. ಹಿರಿಯರ ಮನೆ ಅಂತ ಬೋರ್ಡು ಹಾಕಿದರೆ ಸಾಲದು, ಇಳಿಜಾರಿನ ಲೆಕ್ಕ ಕೂಡಬೇಕು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ರ‍್ಯಾಂಪ್, ಇದು 1:12. ಮುಂದೆ ರಸ್ತೆ ಎತ್ತರವಾಗುತ್ತದೆ ಅನ್ನುವ ಭಯಕ್ಕೆ ಮೇಸ್ತ್ರಿ ಮೂರಡಿ ಪಾಯ ಎತ್ತಿಸುತ್ತಾನೆ. ಆಗ ರ‍್ಯಾಂಪಿಗೇ 36 ಅಡಿ, 30 ಅಡಿಗೊಂದು ತಂಗುಜಾಗ. ನಿಮ್ಮ ಸೈಟಿನ ಅಗಲವೇ 40. ಕೊನೆಗೆ ಬೈಕ್ ಹತ್ತಿಸುವ ಕಡಿದಾದ ಇಳಿಜಾರು ಮಾಡಿ ಕೈತೊಳೆದುಕೊಳ್ಳುತ್ತಾರೆ, ಗಾಲಿಕುರ್ಚಿ ಅದರ ಮೇಲೆ ಹತ್ತುವುದಿಲ್ಲ. ಉಪಾಯ ಇದು: ಮಳಿಗೆಗಳ ಪಾಯ ಎಷ್ಟೇ ಇರಲಿ, ಲಿಫ್ಟಿನ ಮುಂದಿನ ಜಾಗವನ್ನು ಮಾತ್ರ ಅಂಗಳಕ್ಕಿಂತ ಆರಿಂಚು ಎತ್ತರಿಸಿ. ಆರಡಿ ರ‍್ಯಾಂಪ್ ಸಾಕು. ಲಿಫ್ಟಿನ ಗುಂಡಿಗೆ ವಾಟರ್‌ಪ್ರೂಫಿಂಗ್ ಗಟ್ಟಿಯಾಗಿ ಮಾಡಿಸಿ, ಅಂಗಳದ ಇಳಿಜಾರು ಗುಂಡಿಯಿಂದ ಆಚೆಗೆ ಇರಲಿ, ಇಲ್ಲದಿದ್ದರೆ ಮೊದಲ ಜೋರು ಮಳೆಗೇ ನೀರು ತುಂಬುತ್ತದೆ. ಲಿಫ್ಟಿಗೆ ಎಳೆಯುವ ಗ್ರಿಲ್ ಗೇಟು ಬೇಡ, ತಾನೇ ತೆರೆಯುವ ಬಾಗಿಲು ಹಾಕಿಸಿ. ಕರೆಂಟು ಹೋದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಇರಲೇಬೇಕು. ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಮರೆಯಬೇಡಿ.

ಬಚ್ಚಲ ಬಾಗಿಲು 900 ಮಿಲಿಮೀಟರ್ ಅಗಲ, ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ನೂಕಲು ಆಗುವುದಿಲ್ಲ. ಕಮೋಡು 450ರಿಂದ 480 ಮಿಲಿಮೀಟರ್ ಎತ್ತರ. ಹಿಡಿಕಂಬಿ ಬರುವ ಗೋಡೆಯನ್ನು ನಾಲ್ಕಿಂಚಿನ ಹಾಲೋ ಬ್ಲಾಕಿನಲ್ಲಿ ಕಟ್ಟಬೇಡಿ. ಆರಿಂಚು ಸಾಲಿಡ್ ಬ್ಲಾಕ್ ಹಾಕಿಸಿ, ಇಲ್ಲದಿದ್ದರೆ ಕಂಬಿ ಒಂದು ದಿನ ಬೋಲ್ಟು ಸಮೇತ ಕೈಗೆ ಬರುತ್ತದೆ.

ನೀರಿನ ಲೆಕ್ಕ: ಹನ್ನೆರಡು ಜನ, ತಲೆಗೆ ದಿನಕ್ಕೆ 135 ಲೀಟರ್, ಅಂದರೆ 1,620. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬಿಡುವ ಬೀದಿಯಾದರೆ ಸುಮಾರು 6,500, ಮಳಿಗೆ ಸೇರಿ 10,000 ಲೀಟರಿನ ಸಂಪು. ಒಳಅಳತೆ 8×8 ಅಡಿ ಇಟ್ಟು ಐದೂವರೆ ಅಡಿ ನೀರು ನಿಂತರೆ ಅಷ್ಟಾಗುತ್ತದೆ. ಮಳಿಗೆಗಳಲ್ಲಿ ಹೋಟೆಲ್ಲಿಗೆ ಕೊಡುವ ಮನಸ್ಸಿದ್ದರೆ ಇದು ಯಾವುದಕ್ಕೂ ಸಾಲದು, ಹೊಗೆಯೂ ನೇರ ಮೇಲಿನ ಮನೆಗಳಿಗೇ. ಮೆಡಿಕಲ್ ಸ್ಟೋರ್, ದಿನಸಿ ಅಂಗಡಿ, ರಕ್ತಪರೀಕ್ಷೆಯ ಸಂಗ್ರಹ ಕೇಂದ್ರ, ಇಂಥವರನ್ನು ಹುಡುಕಿ, ಬಾಡಿಗೆ ಸಾವಿರ ಕಡಿಮೆ ಬಂದರೂ ಸರಿ.