ಎರಡು ಕೈ ಕೂಡಿದಾಗ ಬಲವೇಕೆ ತುಸು ಕುಗ್ಗುತ್ತದೆ?

ಪ್ರಶ್ನೆ: ನಮ್ಮ ಶಾಲೆಯಲ್ಲಿ ಹಿಡಿತದ ಬಲ ಅಳೆಯುವ ಎರಡು ಡೈನಮೋಮೀಟರ್‌ಗಳಿವೆ. ಹತ್ತನೇ ತರಗತಿಯ ಹುಡುಗನೊಬ್ಬ ಬಲಗೈಯೊಂದರಿಂದಲೇ ಹಿಂಡಿದಾಗ 46 ಕಿಲೋ, ಎಡಗೈಯಿಂದ ಹಿಂಡಿದಾಗ 43 ಕಿಲೋ ಬಂತು. ಎರಡೂ ಕೈಗಳಿಂದ ಏಕಕಾಲಕ್ಕೆ ಹಿಂಡಲು ಹೇಳಿದರೆ 44 ಮತ್ತು 41 ಮಾತ್ರ. ಮತ್ತೆ ಮಾಡಿಸಿದರೂ ಇದೇ ಕಥೆ. ಉಪಕರಣದ ದೋಷವೇ, ಹುಡುಗನ ದಣಿವೇ?
– ದೈಹಿಕ ಶಿಕ್ಷಣ ಶಿಕ್ಷಕರು, ಹಾವೇರಿ ಜಿಲ್ಲೆ

ಉತ್ತರ: ಎರಡೂ ಅಲ್ಲದಿರುವ ಸಂಭವವೇ ಹೆಚ್ಚು. ಆದರೂ ದಣಿವಿನ ಅನುಮಾನವನ್ನು ಮೊದಲು ಬಗೆಹರಿಸಿಕೊಳ್ಳಿ. ಒಂದು ದಿನ ಜೋಡಿ ಕೈಗಳ ಸರದಿಯನ್ನೇ ಮೊದಲು ಇಟ್ಟು, ಪ್ರತಿ ಯತ್ನದ ನಡುವೆ ಎರಡು ಮೂರು ನಿಮಿಷ ಬಿಡುವು ಕೊಟ್ಟು, ಒಂಟಿ ಕೈಗಳ ಬಲವನ್ನು ಆಮೇಲೆ ಅಳೆಯಿರಿ. ಆಗಲೂ 89 ಕಿಲೋ ಬರಬೇಕಾದಲ್ಲಿ ಒಟ್ಟು ಬಲ 85ರ ಆಸುಪಾಸಿನಲ್ಲೇ ನಿಂತರೆ, ನೀವು ಕಂಡಿರುವುದು ಶರೀರಕ್ರಿಯಾ ವಿಜ್ಞಾನದಲ್ಲಿ ‘ದ್ವಿಪಾರ್ಶ್ವ ಕೊರತೆ’ ಎಂದು ಕರೆಯಲಾಗುವ ಸಂಗತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಹೆನ್ರಿ ಮತ್ತು ಅವರ ಸಹೋದ್ಯೋಗಿ ಸ್ಮಿತ್ 1961ರಲ್ಲಿ ಇದನ್ನು ವರದಿ ಮಾಡಿದರು. ಅವರು ಅಳೆದದ್ದೂ ನಿಮ್ಮಂತೆ ಕೈಹಿಡಿತದ ಬಲವನ್ನೇ.

ಸ್ನಾಯುಗಳು ಅವೇ, ಅವುಗಳ ಗಾತ್ರವೂ ಅದೇ. ಹಾಗಿರುವಾಗ ಕಡಿಮೆಯಾಗಿರುವುದು ಅವುಗಳಿಗೆ ಮಿದುಳಿನಿಂದ ಬರುವ ಪ್ರಚೋದನೆ ಎಂದು ಊಹಿಸಬೇಕಾಗುತ್ತದೆ. ಬಲಗೈಯನ್ನು ಮುಖ್ಯವಾಗಿ ಮಿದುಳಿನ ಎಡ ಗೋಳಾರ್ಧವೂ ಎಡಗೈಯನ್ನು ಬಲ ಗೋಳಾರ್ಧವೂ ನಡೆಸುತ್ತವೆ, ಏಕೆಂದರೆ ಚಲನೆಯ ಆಜ್ಞೆಯನ್ನು ಒಯ್ಯುವ ನರತಂತುಗಳಲ್ಲಿ ಬಹುಪಾಲು ಬೆನ್ನುಹುರಿಗೆ ಇಳಿಯುವ ಮುನ್ನವೇ ಎದುರು ಬದಿಗೆ ದಾಟಿಬಿಡುತ್ತವೆ. ಈ ಎರಡು ಗೋಳಾರ್ಧಗಳು ಸುಮಾರು 20 ಕೋಟಿ ತಂತುಗಳಿರುವ ಕಾರ್ಪಸ್ ಕಲೋಸಮ್ ಎಂಬ ದಪ್ಪ ಪಟ್ಟಿಯ ಮೂಲಕ ಸದಾ ಸಂಪರ್ಕದಲ್ಲಿರುತ್ತವೆ. ಆ ಸಂಪರ್ಕದಲ್ಲಿ ಹುರಿದುಂಬಿಸುವ ಸಂದೇಶಗಳಿರುವಂತೆ ತಡೆಯುವ ಸಂದೇಶಗಳೂ ಇವೆ. ತಲೆಯ ಮೇಲೆ ಕಾಂತೀಯ ಸುರುಳಿ ಇಟ್ಟು ಒಂದು ಬದಿಯ ಚಲನಕೇಂದ್ರವನ್ನು ಪ್ರಚೋದಿಸಿ, ಸುಮಾರು 10 ಮಿಲಿಸೆಕೆಂಡ್‌ಗಳ ನಂತರ ಇನ್ನೊಂದು ಬದಿಯನ್ನು ಪ್ರಚೋದಿಸಿದರೆ, ಎರಡನೆಯದರಿಂದ ಕೈಯ ಸ್ನಾಯುವಿನಲ್ಲಿ ಏಳುವ ಸೆಳೆತ ಎಂದಿಗಿಂತ ಚಿಕ್ಕದಾಗಿರುತ್ತದೆ.

ಈ ತಡೆ ನಮ್ಮ ನಿತ್ಯದ ಕೆಲಸಗಳಿಗೆ ಬೇಕೇಬೇಕು. ಅಂಗನವಾಡಿಯ ಮಗುವೊಂದು ಒಂದು ಕೈಯಿಂದ ಬಳಪ ಬಿಗಿಹಿಡಿದು ತಿದ್ದುವಾಗ ಇನ್ನೊಂದು ಕೈಯನ್ನು ಗಮನಿಸಿ: ಸುಮ್ಮನಿರಬೇಕಾದ ಆ ಬೆರಳುಗಳೂ ಮಡಚಿ ಬಿಡಿಸಿ ಮಾಡುತ್ತಿರುತ್ತವೆ. ಗೋಳಾರ್ಧಗಳ ನಡುವಿನ ತಡೆ ಬಲಿಯುತ್ತಾ ಹೋದಂತೆ, ಸಾಮಾನ್ಯವಾಗಿ ಹತ್ತು ವರ್ಷ ತುಂಬುವ ಹೊತ್ತಿಗೆ, ಈ ಅನುಕರಣೆ ಬಹುಮಟ್ಟಿಗೆ ಅಡಗುತ್ತದೆ. ಎರಡೂ ಕೈಗಳು ಒಟ್ಟಿಗೆ ಪೂರ್ಣ ಬಲ ಹಾಕುವಾಗ ಇದೇ ಏರ್ಪಾಡು ಅಡ್ಡ ಬರುತ್ತದೆ ಎಂಬ ವಿವರಣೆ ನನಗೆ ಹೆಚ್ಚು ಒಪ್ಪುವಂಥದ್ದು. ಜೋಡಿ ಹಿಡಿತಕ್ಕೆ ಮುನ್ನ ಮಿದುಳಿನ ಮೇಲ್ಮೈಯಲ್ಲಿ ಕಾಣಿಸುವ ವಿದ್ಯುತ್ ಅಲೆಗಳು ಒಂಟಿ ಹಿಡಿತಕ್ಕಿಂತ ಕ್ಷೀಣವಾಗಿರುವುದನ್ನು ಜಪಾನಿನ ಸಂಶೋಧಕರು 1990ರ ದಶಕದಲ್ಲಿ ದಾಖಲಿಸಿದ್ದು ಇದಕ್ಕೆ ಪುಷ್ಟಿ ಕೊಡುತ್ತದೆ. ಆದರೆ ಎಲ್ಲವನ್ನೂ ಮಿದುಳಿನ ತಲೆಗೆ ಕಟ್ಟುವಂತಿಲ್ಲ. ಜೋಡಿ ಕಾಲಿನ ನೆಗೆತದಲ್ಲಿ ಸ್ನಾಯುಗಳು ಹೆಚ್ಚು ವೇಗವಾಗಿ ಕುಗ್ಗುತ್ತವೆ, ವೇಗವಾಗಿ ಕುಗ್ಗುವ ಸ್ನಾಯು ಕಡಿಮೆ ಬಲವನ್ನೇ ಕೊಡುತ್ತದೆ. ಅಲ್ಲಿ ಕಾಣುವ ಕೊರತೆಯಲ್ಲಿ ದೊಡ್ಡ ಪಾಲು ಬರೀ ಯಾಂತ್ರಿಕವಾದದ್ದು.

ನಿಮ್ಮ ವೃತ್ತಿಗೆ ನೇರವಾಗಿ ಸಂಬಂಧಿಸಿದ ವಿಷಯವೆಂದರೆ ಇದು ಅಭ್ಯಾಸದಿಂದ ಬದಲಾಗುತ್ತದೆ ಎಂಬುದು. 1991ರಲ್ಲಿ ಪ್ರಕಟವಾದ ಹೋವರ್ಡ್ ಮತ್ತು ಎನೋಕಾ ಅವರ ಅಧ್ಯಯನದಲ್ಲಿ ಮಂಡಿ ಚಾಚುವ ಬಲವನ್ನು ಅಳೆದಾಗ, ತರಬೇತಿ ಇಲ್ಲದವರಲ್ಲಿ ಸುಮಾರು ಶೇ 10ರಷ್ಟು ಕೊರತೆ ಕಂಡಿತು; ಕಾಲುಗಳನ್ನು ಸರದಿಯಂತೆ ತುಳಿಯುವ ಸೈಕಲ್ ಪಟುಗಳಲ್ಲಿಯೂ ಕೊರತೆ ಇತ್ತು; ಎರಡೂ ಕಾಲು ಊರಿ ಭಾರ ಎತ್ತುವ ವೇಟ್‌ಲಿಫ್ಟರ್‌ಗಳಲ್ಲಿ ಮಾತ್ರ ಜೋಡಿ ಬಲವೇ ಸುಮಾರು ಶೇ 6ರಷ್ಟು ಹೆಚ್ಚಾಗಿತ್ತು. ಆದ್ದರಿಂದ ನಿಮ್ಮ ಹುಡುಗ ಹಗ್ಗ ಜಗ್ಗಾಟದ ತಂಡದಲ್ಲಿದ್ದರೆ ಜೋಡಿ ಕೈಗಳ ವ್ಯಾಯಾಮಕ್ಕೆ ಒತ್ತು ಕೊಡಿ. ಗುಂಡು ಎಸೆತದವನಾದರೆ ಈ ನಾಲ್ಕು ಕಿಲೋ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಎರಡು ಕೈ ಬಳಸಿದಾಗ ಪ್ರತಿಕ್ರಿಯೆಯೂ ನಿಧಾನವಾಗುತ್ತದೆ ಎಂದು ಓದಿದೆ. ಗೆಳೆಯ ಎರಡು ಸ್ಕೇಲುಗಳನ್ನು ಒಟ್ಟಿಗೆ ಬೀಳಿಸಿ, ನಾನು ಎರಡೂ ಕೈಗಳಲ್ಲಿ ಹಿಡಿದು ನೋಡಿದೆ. ವ್ಯತ್ಯಾಸವೇನೂ ಕಾಣಲಿಲ್ಲ.
– ಪಿಯುಸಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ಕಾಣದಿದ್ದುದು ಸಹಜ. ಸ್ಕೇಲು 20 ಸೆಂ.ಮೀ. ಬೀಳಲು ಸುಮಾರು 0.2 ಸೆಕೆಂಡ್ ಬೇಕು. ಆ ಹಂತದಲ್ಲಿ 5 ಮಿಲಿಸೆಕೆಂಡ್ ತಡವಾದರೆ ಅದು ಹೆಚ್ಚಿಗೆ ಜಾರುವುದು ಹೆಚ್ಚುಕಡಿಮೆ ಒಂದೇ ಸೆಂ.ಮೀ.; ನಿಮ್ಮ ಒಂದು ಯತ್ನಕ್ಕೂ ಇನ್ನೊಂದಕ್ಕೂ ಇರುವ ಅಂತರವೇ ಅದಕ್ಕಿಂತ ಹೆಚ್ಚಿರುತ್ತದೆ. ಎರಡು ಕೈಗಳಿಂದ ಪ್ರತಿಕ್ರಿಯಿಸುವಾಗ ಪ್ರಯೋಗಾಲಯಗಳಲ್ಲಿ ಕಂಡುಬಂದಿರುವ ವಿಳಂಬವೂ ಇಂಥ ಕೆಲವೇ ಮಿಲಿಸೆಕೆಂಡ್‌ಗಳದು, ಹಲವಾರು ಯತ್ನಗಳ ಸರಾಸರಿ ತೆಗೆದರೆ ಮಾತ್ರ ಗೋಚರಿಸುವಂಥದ್ದು. ಮಿದುಳಿನ ಚಲನಕೇಂದ್ರದಿಂದ ಕೈಯ ಸ್ನಾಯುವಿಗೆ ಆಜ್ಞೆ ತಲುಪಲು 20 ಮಿಲಿಸೆಕೆಂಡ್‌ಗಳಷ್ಟೇ ಸಾಕು. ಉಳಿದ ಕಾಲದ ಬಹುಪಾಲು ನೋಡುವುದರಲ್ಲಿ, ಗುರುತಿಸುವುದರಲ್ಲಿ, ಚಲನೆಯನ್ನು ಸಿದ್ಧಪಡಿಸುವುದರಲ್ಲಿ ಕಳೆಯುತ್ತದೆ. ಜೋಡಿ ಕೈಗಳ ತಡ ಹುಟ್ಟುವುದೂ ಈ ಸಿದ್ಧತೆಯಲ್ಲಿಯೇ ಎಂದು ತೋರುತ್ತದೆ.

ವ್ಯತ್ಯಾಸ ಕಣ್ಣಿಗೆ ಬೀಳಬೇಕಾದರೆ ಬೇರೆ ಪ್ರಯೋಗ ಮಾಡಿ. ಒಂದು ಕೈಗೆ ಹತ್ತಿರದ ದೊಡ್ಡ ಗುರಿ, ಇನ್ನೊಂದಕ್ಕೆ ದೂರದ ಚಿಕ್ಕ ಗುರಿ ಇಟ್ಟು, ಎರಡನ್ನೂ ಆದಷ್ಟು ಬೇಗ ಮುಟ್ಟಿ. ಬೇರೆ ಬೇರೆಯಾಗಿ ಮುಟ್ಟುವಾಗ ಸುಲಭದ ಕೈ ಬಹಳ ಬೇಗ ತಲುಪುತ್ತದೆ. ಒಟ್ಟಿಗೆ ಹೊರಟಾಗ ಅದು ತನ್ನ ವೇಗ ತಗ್ಗಿಸಿಕೊಂಡು, ಕಷ್ಟದ ಕೈಯ ಜೊತೆಜೊತೆಗೇ ಗುರಿ ಮುಟ್ಟುತ್ತದೆ. ಸ್ಕಾಟ್ ಕೆಲ್ಸೊ ಮತ್ತು ಸಂಗಡಿಗರು 1979ರಲ್ಲಿ ಇದನ್ನು ತೋರಿಸಿಕೊಟ್ಟರು. ಎರಡು ಕೈಗಳಿಗೆ ಎರಡು ಬೇರೆ ವೇಳಾಪಟ್ಟಿ ಹಾಕುವ ಬದಲು ಮಿದುಳು ಒಂದನ್ನೇ ಹಾಕಿಕೊಳ್ಳುತ್ತದೆ.

ಪ್ರಶ್ನೆ: ಒಂದು ಕೈಯಲ್ಲಿ ವೃತ್ತ, ಇನ್ನೊಂದರಲ್ಲಿ ಚೌಕ ಬರೆಯಲು ಹೋದರೆ ಎರಡೂ ಕೆಡುತ್ತವೆ. ಯಾರಿಗಾದರೂ ಇದು ಸಾಧ್ಯವೇ?
– ಓದುಗರು, ಉಡುಪಿ

ಉತ್ತರ: ಸಾಧ್ಯ. ತೀವ್ರ ಅಪಸ್ಮಾರಕ್ಕೆ ಚಿಕಿತ್ಸೆಯಾಗಿ ಕಾರ್ಪಸ್ ಕಲೋಸಮ್ ಕತ್ತರಿಸಲ್ಪಟ್ಟಿದ್ದ ರೋಗಿಗಳು ಎರಡು ಕೈಗಳಲ್ಲಿ ಎರಡು ಬೇರೆ ಆಕಾರಗಳನ್ನು ಹೆಚ್ಚಿನ ಗೊಂದಲವಿಲ್ಲದೆ ಬರೆದದ್ದನ್ನು 1996ರ ಅಧ್ಯಯನವೊಂದು ವಿವರಿಸಿದೆ. ಆದರೆ ಆ ಅನುಕೂಲಕ್ಕೆ ಅವರು ತೆರುವ ಬೆಲೆ ಸಣ್ಣದಲ್ಲ: ಶಸ್ತ್ರಚಿಕಿತ್ಸೆಗೆ ಮುನ್ನ ಕಲಿತಿದ್ದ ಜೋಡಿ ಕೈಗಳ ಕೆಲಸಗಳು ಉಳಿದಿರುತ್ತವೆ, ಎರಡು ಕೈಗಳೂ ಹೊಂದಿಕೊಂಡು ನಡೆಯಬೇಕಾದ ಹೊಸ ಕೆಲಸಗಳನ್ನು ಕಲಿಯುವುದು ಅವರಿಗೆ ಬಹಳ ಕಷ್ಟ.